ಶಿರಾದ ವಾಸನೆ

ವಾಳಪೈ (ಗೋವಾ), ಫೆಬ್ರವರಿ ೧೨, ಬುಧವಾರ

ಮಗಳು ಶೈಲಾ ಕೆಲಸಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳುವವನು ನಾನೇ. ಇವತ್ತು ಪಕ್ಕದ ಕಟ್ಟಡಕ್ಕೆ ಸ್ಲ್ಯಾಬ್ ಹಾಕಿದರು. ಕೆಲಸದವರಿಗೆ ಸಿಹಿಗೆಂದು ಮಾಡಿದ ರವೆ ಶಿರಾದ ವಾಸನೆ ಕಿಟಕಿಯಿಂದ ಬಂತು, ಅಷ್ಟೇ. ನನ್ನ ಹೆಂಡತಿ ನೀಲವ್ವನೂ ಅವತ್ತು, ಇಂಥದೇ ಒಂದು ಸ್ಲ್ಯಾಬ್ ಹಾಕುವ ದಿನ, ನೆರಳಿದೆಯೆಂದು ಸೆಂಟ್ರಿಂಗ್ ಹಲಗೆಗಳ ಕೆಳಗೆ ಒಲೆ ಹೂಡಿ ಶಿರಾ ತಿರುವುತ್ತಿದ್ದಳು. ಹಸಿ ಸ್ಲ್ಯಾಬ್ ಅವಳ ಮೇಲೆಯೇ ಕುಸಿಯಿತು.

ಮೈಮೇಲೆ ಖಬರು ಬಂದಾಗ ಕೂಸನ್ನು ಅವಚಿಕೊಂಡು ನಡುರಸ್ತೆಯಲ್ಲಿ ನಿಂತಿದ್ದೆ. ಒಂದು ಮಾರು ದೂರದಲ್ಲಿ ಬಸ್ಸು. ಡ್ರೈವರ್ ಕೊಂಕಣಿಯಲ್ಲಿ ಬೈಯುತ್ತಿದ್ದ. ಮನೆಯಿಂದ ಓಡಿಬಂದದ್ದು ನೆನಪೇ ಇಲ್ಲ.

ಪಣಜಿಯ ಡಾಕ್ಟರು ಇದಕ್ಕೊಂದು ಉದ್ದನೆಯ ಹೆಸರು ಹೇಳಿದ್ದರು, ಪೋಸ್ಟ್ ಟ್ರಾಮಾ ಏನೋ. ನನ್ನ ಅರೆಬರೆ ಕಾಲೇಜು ಇಂಗ್ಲಿಷಿಗೆ ಕೊನೆಯ ‘ಡಿಸಾರ್ಡರ್’ ಮಾತ್ರ ಸಿಕ್ಕಿತು. ಕಂಟ್ರೋಲ್ ಯುವರ್‌ಸೆಲ್ಫ್ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಯಾರು ಕೇಳುತ್ತಾರೆ?

ಸಂಜೆ ಶೈಲಾ, "ಕೂಸು ಕಾಡತೇನಪ್ಪಾ?" ಎಂದಳು.

"ಇಲ್ಲವ್ವಾ, ಚಲೋ ಆಡ್ಕೊಂಡಿತ್ತು."

"ಅಜ್ಜ ಇದ್ರ ಇದಕ್ಕ ಅವ್ವನ ನೆನಪೇ ಆಗಂಗಿಲ್ಲ ನೋಡು" ಎಂದು ನಕ್ಕಳು.

ನಿಜ ಹೇಳಿದರೆ ನಾಳೆಯಿಂದ ಕೂಸನ್ನು ನನ್ನ ಹತ್ತಿರ ಬಿಡುವುದಿಲ್ಲ. ಹೇಳದಿದ್ದರೆ ಬಿಟ್ಟು ಹೋಗುತ್ತಾಳೆ. ನನಗೀಗ ಹೆದರಿಕೆ ಸ್ಲ್ಯಾಬಿನದಲ್ಲ, ನನ್ನ ಕಾಲುಗಳದು. ಒಳಗೆ ಬಳೆ ಸದ್ದಾಯಿತು, ಶೈಲಾಳಿಗೆ ಇನ್ನೂ ನಿದ್ದೆ ಹತ್ತಿಲ್ಲ. ಬೆಳಿಗ್ಗೆಯಾದರೆ ಹೇಳಲು ಬಾಯಿ ಬರುವುದಿಲ್ಲ. ಈಗಲೇ ಎದ್ದು ಹೋಗಿ ಅವಳಿಗೆ ಎಲ್ಲ ಹೇಳಿಬಿಡುತ್ತೇನೆ.