ಹೂಂ ಅನ್ನುವವಳು

ದಢೇಸುಗೂರು, ತಾ. ಸಿಂಧನೂರು
೧೨-೮-೨೦೨೫

ತಂಗಿ ಮಹಾಲಕ್ಷ್ಮಿಗೆ,

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀ. ಫೋನ್ ಹಚ್ಚಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀ, ಇನ್ನೇನು ಮಾಡಲಿ? ನಿನ್ನ ಮೊಣಕಾಲು ಹೇಗಿದೆ? ಲಿಂಗಸುಗೂರಿನಲ್ಲಿ ಮಹಡಿ ಮೇಲೆ ಬಾಡಿಗೆಗೆ ಇದ್ದೀಯಂತೆ, ಆ ಕಾಲಿಟ್ಟುಕೊಂಡು ಮೆಟ್ಟಿಲು ಹತ್ತುವ ಬುದ್ಧಿ ಯಾರು ಕೊಟ್ಟರು? ನಾಗವೇಣಿ ಮಸ್ಕಿಯ ಹೊಲಿಗೆ ಅಂಗಡಿಗೆ ಹೋಗಿಬರುತ್ತಾಳೆಂದು ಹಸೀನಾಬೀ ಹೇಳಿದಳು. ನಿನ್ನ ಮಗಳು ತನ್ನ ಕಾಲ ಮೇಲೆ ನಿಂತಳಲ್ಲ, ಅಷ್ಟು ಸಾಕು.

ಇಲ್ಲಿ ಭತ್ತದ ನಾಟಿ ನಡೆದಿದೆ. ಹಸೀನಾಬೀಯ ಗುಂಪಿನಲ್ಲಿ ಈ ಸಲ ನಾನಿಲ್ಲ. ಹದಿನಾಲ್ಕು ಹೆಂಗಸರು ಬಗ್ಗಿ ಸಾಲು ಹಿಡಿದರೆ ನನ್ನ ಸಾಲನ್ನು ಆಚೆ ಈಚೆಯವರು ಹಂಚಿಕೊಂಡು ಹಚ್ಚುತ್ತಿದ್ದರು. ನನಗೆ ಕಥೆ ಹೇಳುವುದೇ ಕೆಲಸ. "ಜಂಬಮ್ಮ ಬಾಯಿ ತೆರದ್ರ ನಡ ನೋಯಂಗಿಲ್ಲ" ಎನ್ನುತ್ತಿದ್ದಳು ಹಸೀನಾಬೀ. ಹೂಂ ಅನ್ನುವವಳು ನೀನೊಬ್ಬಳೇ. ಹೂಂ ಅನ್ನುವವರಿಲ್ಲದೆ ಕಥೆ ಹೇಳಬಾರದು, ಅದು ಅವ್ವನ ಕಟ್ಟಳೆ. ಮೂವತ್ತು ವರ್ಷ ನಿನ್ನ ಹೂಂ ಹಿಡಿದೇ ನಡೆದೆ. ನೀನು ಎಳೆದು ಅಂದರೆ ನಾನೂ ಎಳೆಯುತ್ತಿದ್ದೆ, ತಟ್ಟನೆ ಅಂದರೆ ರಾಜನ ಕುದುರೆ ಓಡುತ್ತಿತ್ತು. ಊಟಕ್ಕಿಂತ ನನಗೆ ಅದೇ ಹೆಚ್ಚಾಗಿತ್ತು.

ಆ ರುಚಿಯೇ ನನ್ನನ್ನು ಕೆಡಿಸಿತು. ನಾಗವೇಣಿ ಬಳಗಾನೂರಿನ ಗಂಡನ ಮನೆ ಬಿಟ್ಟು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಸ್ಸಿಳಿದಳಲ್ಲ, ಅದರ ಮೂರನೇ ದಿನವೇ ನಾನು ಹೊಲದಲ್ಲಿ ರಾಜನ ಮಗಳೊಬ್ಬಳನ್ನು ಒಂದೇ ಪಾದುಕೆಯಲ್ಲಿ ತವರಿಗೆ ಹೊರಡಿಸಿದೆ. ಹೆಸರು ಬದಲಿಸಿದರೆ ಸಾಕು ಎಂದುಕೊಂಡಿದ್ದೆ. ಬಗ್ಗಿದ್ದ ಹೆಂಗಸರೆಲ್ಲ ನೆಟ್ಟಗಾಗಿ ನಿನ್ನ ಮುಖ ನೋಡಿದರು. ನೀನು ಬದುವಿಗೆ ಹೋಗಿ ಕೈಯ ಕೆಸರು ತೊಳೆಯುತ್ತ ಒಂದೇ ಮಾತು ಕೇಳಿದೆ: "ಅಕ್ಕಾ, ನನ್ನ ಮಗಳ ಅಳು ನಿನಗ ಕಥಿ ಆತೇನು?" ಮರುವಾರ ನೀನು ಮಗಳನ್ನು ಕರೆದುಕೊಂಡು ಊರು ಬಿಟ್ಟೆ. ಮೂರು ವರ್ಷವಾಯಿತು. ನಾನು ಬೇರೆಯವರ ಹೂಂ ಹಿಡಿದು ನೋಡಿದೆ, ಕಥೆ ಮೇಲೇಳಲಿಲ್ಲ.

ಈಗ ಗಂಟಲಲ್ಲಿ ಗಡ್ಡೆ ಬೆಳೆದಿದೆ. ಇದೇ ೨೨ಕ್ಕೆ ರಾಯಚೂರಿನಲ್ಲಿ ಆಪರೇಷನ್. ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದರು. ಮಗ ಮಾನಪ್ಪ ಈಗಲೇ ಸ್ಲೇಟು ತಂದು ತಲೆದೆಸೆಯಲ್ಲಿ ಇಟ್ಟಿದ್ದಾನೆ. ನೋಡಿದರೆ ಒಡೆದು ಹಾಕಬೇಕೆನಿಸುತ್ತದೆ.

ನಾಗವೇಣಿಗೆ ದೊಡ್ಡವ್ವನ ಆಶೀರ್ವಾದ ಹೇಳು, ಅವಳು ತೆಗೆದುಕೊಂಡರೆ.

ನಿನ್ನ ಅಕ್ಕ,
ಜಂಬಮ್ಮ

ತಾ.ಕ.: ಆ ದಿನ ಕಥೆ ಅರ್ಧಕ್ಕೆ ಬರುವ ಮೊದಲೇ ನಿನ್ನ ಹೂಂ ನಿಂತಿತ್ತು. ನನಗೆ ಗೊತ್ತಾಗಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ಸುಳ್ಳು. ಗೊತ್ತಾಗಿತ್ತು. ಕಥೆ ಚೆನ್ನಾಗಿ ಓಡುತ್ತಿತ್ತು, ಅದಕ್ಕೇ ನಿಲ್ಲಿಸಲಿಲ್ಲ. ಅವ್ವನ ಒಂದು ಕಥೆ ನಿನಗೂ ಹೇಳದೆ ಉಳಿದಿದೆ, ದನಿ ಇರುವುದು ಇನ್ನು ಹತ್ತು ದಿನ. ಬಂದು ಪಕ್ಕದಲ್ಲಿ ಕೂಡು. ನನ್ನ ಜೊತೆ ಮಾತಾಡಬೇಡ, ಹೂಂ ಅಂದರೆ ಸಾಕು. ಬರುತ್ತೀಯೋ ಇಲ್ಲವೋ, ೧೯ನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.