ಮಠದ ಹಿಡಿ ಜೋಳ

ಬೇವೂರು
ಶ್ರಾವಣ ಮಾಸ, ೧೯೧೭

ಬಾಗಲಕೋಟೆಯಲ್ಲಿರುವ ಚಿರಂಜೀವಿ ತಮ್ಮ ರಾಚಪ್ಪನಿಗೆ ಅಕ್ಕ ಗುರುಲಿಂಗವ್ವನ ತುಂಬು ಮನಸ್ಸಿನ ಆಶೀರ್ವಾದ.

ನೀನು ಮಠದ ದಾಸೋಹಕ್ಕೆಂದು ಕಳಿಸಿದ ಜೋಳದ ಬಂಡಿಗಳು ಈ ಕಾಗದದ ಜೊತೆಗೇ ತಿರುಗಿ ಬರುತ್ತಿವೆ. ಸಿಟ್ಟಿಗೇಳಬೇಡ. ಬಂಡಿ ಹೊಡೆಯುವ ಮಲೀಕಸಾಬನನ್ನೂ ಬೈಯಬೇಡ, ಪಾಪ, ಅವನು "ಸಾವ್ಕಾರ್ರಿಗೆ ನಾ ಏನಂತ ಹೇಳ್ಲೆವ್ವಾ?" ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದಾನೆ. ಹಿಂದಕ್ಕೆ ಕಳಿಸಿರಿ ಅಂದವರು ಸ್ವಾಮಿಗಳು, ಹೂಂ ಅಂದವಳು ನಾನು. ದಣಿದಿದ್ದೇನೆ, ಆದರೂ ಕಾರಣ ಬರೆಯಬೇಕು.

ಬೀಸುವ ಮೊದಲು ಒಂದು ಹಿಡಿ ಜೋಳ ತೆಗೆದು ಮಠಕ್ಕೆಂದು ಇಡುವುದು ಅವ್ವನ ಕಾಲಕ್ಕೂ ಹಿಂದಿನ ಪದ್ಧತಿ. ಸೋಮವಾರ ಸ್ವಾಮಿಗಳು ಜೋಳಿಗೆ ಹಿಡಿದು ಬರುತ್ತಿದ್ದರು. ಸಾಹುಕಾರನದೂ ಒಂದೇ ಹಿಡಿ, ಕೂಲಿಯವನದೂ ಒಂದೇ ಹಿಡಿ. ಹೋದ ವರ್ಷ ಮುಂಬಯಿ ಗಿರಣಿಯ ಶೇರುಗಳ ಲಾಭ ನಿನ್ನ ಕೈತುಂಬಿತು. ನೀನು ಖುಷಿಯಿಂದ ಊರಿಗೆ ಬಂದು ಮಠದ ಕಟ್ಟೆಯ ಮೇಲೆ ನಿಂತು, "ಇನ್ನ ಮ್ಯಾಲ ಯಾರೂ ಹಿಡಿ ತಗಿಯೂದು ಬ್ಯಾಡ, ವರ್ಷಪೂರ್ತಿ ದಾಸೋಹ ನಂದು" ಅಂದೆ. ಜನ ಜೈ ಎಂದರು. ನಾನು ಹೆಮ್ಮೆಯಿಂದ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ನಿನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ನನಗೆ ಗೊತ್ತು.

ಕೊಡಲು ನಿಂತರೆ ನಿನಗೆ ಹಿಂದುಮುಂದು ಕಾಣುವುದಿಲ್ಲ. ಮಾಮಲೇದಾರರು ಯುದ್ಧದ ಫಂಡೆಂದು ಊರ ಮೇಲೆ ಹಾಕಿದ್ದನ್ನು ನೀನೊಬ್ಬನೇ ಕಟ್ಟಿದೆ. ಬೆನ್ನಿಗೇ ಹೋಂ ರೂಲ್ ಸಂಘದವರು ಬಂದರೆ ಊರಿನವರೆಲ್ಲರ ಚಂದಾ ವರ್ಗಣಿಯನ್ನೂ ನೀನೇ ಕೊಟ್ಟೆ. ಸರಕಾರಕ್ಕೂ ಸೈ, ಸ್ವರಾಜ್ಯಕ್ಕೂ ಸೈ! ಆಮೇಲೆ ಸಂಘದವರು ಸಭೆ ಕರೆದರೆ ಕಟ್ಟೆಗೆ ನಾಯಿಗಳು ಬಂದವೇ ಹೊರತು ಮಂದಿ ಬರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಇದೇ ಮಲೀಕಸಾಬ, "ವರ್ಗಣಿ ಸಾವ್ಕಾರ್ರು ಕೊಟ್ಟಾರಲ್ರಿ, ಸ್ವರಾಜ್ಯಾನೂ ಅವರ ತರ್ಲಿ ಬಿಡ್ರಿ" ಅಂದನಂತೆ. ನಾನು ಬಿದ್ದು ಬಿದ್ದು ನಕ್ಕೆ.

ಮಠದಲ್ಲಿ ಊಟದ ಸಾಲೂ ಕರಗುತ್ತಾ ಬಂದಾಗ ನಗು ಬರಲಿಲ್ಲ. ಸಾಲು ಮೊದಲು ಬಿಟ್ಟವಳು ನಮ್ಮ ಓಣಿಯ ಸಿದ್ದಲಿಂಗವ್ವ, ಮಂದಿಯ ಜೋಳ ಬೀಸಿ ಹೊಟ್ಟೆ ಹೊರೆಯುವ ಮುದುಕಿ. ಈ ಶ್ರಾವಣದಲ್ಲಿ ಜ್ವರ ಬಂದು ಮಲಗಿದಳು. ಅವಳ ಒಲೆ ಹೊತ್ತಿರಲಿಲ್ಲ. ಮಠದ ಅಂಬಲಿ ಒಯ್ದರೆ ಗೋಡೆಯ ಕಡೆ ಮುಖ ತಿರುಗಿಸಿದಳು. "ಹಿಡಿ ಹಾಕಿ ಉಣ್ಣೂವಾಗ ಅದು ಪ್ರಸಾದ ಇತ್ತವ್ವಾ. ಈಗ ನಿನ್ನ ತಮ್ಮನ ಕೂಳು ಆಗೇತಿ. ಹಂಗಿನ ಕೂಳು ನನಗ ಬ್ಯಾಡ." ಎಷ್ಟು ಅಂಗಲಾಚಿದರೂ ಬಾಯಿ ತೆರೆಯಲಿಲ್ಲ. ಸತ್ತೇ ಹೋಗುತ್ತಾಳೆಂದು ಹೆದರಿ ಸ್ವಾಮಿಗಳ ಹತ್ತಿರ ಓಡಿದೆ. ಅವರು ಕೇಳಿದವರೇ ಎದ್ದು, ಗೂಟದಲ್ಲಿದ್ದ ಜೋಳಿಗೆ ತೆಗೆದುಕೊಂಡು ನೇರ ಅವಳ ಬಾಗಿಲಿಗೇ ಹೋಗಿ ನಿಂತರು. ಮುದುಕಿ ಗೋಡೆ ಹಿಡಿದು ಎದ್ದು ಬಂದು, ಗಡಿಗೆಯ ತಳ ಬಳಿದು ಒಂದು ಹಿಡಿ ಹಾಕಿದಳು. ಅಲ್ಲಿಂದ ಜೋಳಿಗೆ ಓಣಿಯೆಲ್ಲ ತಿರುಗಿತು. ಆ ಸಂಜೆ ಓಣಿಯವರ ಹಿಡಿಯಲ್ಲೇ ಕಾಸಿದ ಅಂಬಲಿ ಕುಡಿದಳು, ರಾಚಪ್ಪ. ನಾನು ಅತ್ತುಬಿಟ್ಟೆ.

ಅಂದು ಜೋಳಿಗೆ ನಮ್ಮ ಬಾಗಿಲಿಗೂ ಬಂದಿತ್ತು. ಗಡಿಗೆಗೆ ಹಾಕಿದ ಕೈ ಮೇಲೆ ಬರಲಿಲ್ಲ. ಒಳಗಿನ ಜೋಳ ನಿನ್ನದು, ಗಡಿಗೆ ನಿನ್ನದು, ಉಟ್ಟ ಇಳಕಲ್ಲ ಸೀರೆಯೂ ನಿನ್ನದೇ. ಗಂಡ ತೀರಿಕೊಂಡಂದಿನಿಂದ ನನ್ನನ್ನು ಅಂಗೈಯಲ್ಲಿಟ್ಟು ಸಾಕಿದ್ದೀಯ. ಇಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಆದರೆ ಮಠಕ್ಕೆ ಹಾಕಲು ನನ್ನದೆಂಬ ಒಂದು ಹಿಡಿ ಇರಲಿಲ್ಲ. ಊರಿಗೆಲ್ಲ ಒಡತಿಯಂತಿದ್ದವಳು ಜೋಳಿಗೆಯ ಮುಂದೆ ಬರಿಗೈಯಲ್ಲಿ ನಿಂತೆ.

ಸಿದ್ದಲಿಂಗವ್ವ ಈಗ ಎದ್ದು ಕೂರುತ್ತಾಳೆ, ಬೀಸುವ ಶಕ್ತಿಯಿಲ್ಲ. ಅವಳ ಪಾಲಿನ ಜೋಳವನ್ನು ನಾನೇ ಬೀಸುತ್ತಿದ್ದೇನೆ. ಕೂಲಿಯಲ್ಲಿ ಅರ್ಧ ಅವಳಿಗೆ, ಅರ್ಧ ನನಗೆ. "ಸಾವ್ಕಾರನ ಅಕ್ಕ ಕೂಲಿ ಬೀಸ್ತಾಳ ನೋಡ್ರೇ" ಎಂದು ಓಣಿಯ ಹೆಂಗಸರು ನಗುತ್ತಾರೆ. ನಿನಗೂ ಅವಮಾನವೆನಿಸೀತು. ಅಷ್ಟನ್ನು ಅಕ್ಕನಿಗಾಗಿ ತಡೆದುಕೋ. ಅಂಗೈಗೆ ಬೊಬ್ಬೆ ಬಂದಿದೆ, ರಟ್ಟೆ ಬಿದ್ದುಹೋಗಿವೆ, ಆದರೆ ಹೋದ ಸೋಮವಾರ ನನ್ನ ಹಿಡಿ ಹಾಕಿದೆ.

ತಿಂಗಳ ಖರ್ಚಿನ ಹಣ ಇನ್ನು ಕಳಿಸಬೇಡ. ನೀನು ಬಾ. ಬರುವಾಗ ಏನೂ ತರಬೇಡ. ಇಷ್ಟು ವರ್ಷ ನಾನು ನಿನ್ನದನ್ನು ಉಂಡೆ. ಒಂದು ದಿನ, ಅಕ್ಕ ದುಡಿದ ರೊಟ್ಟಿಯನ್ನು ನೀನು ಉಂಡು ಹೋಗು.

ಶಿವನು ನಿನ್ನನ್ನು ನೂರು ಕಾಲ ತಣ್ಣಗಿಟ್ಟಿರಲಿ.

ನಿನ್ನ ದಾರಿ ನೋಡುತ್ತಿರುವ ಅಕ್ಕ,
ಗುರುಲಿಂಗವ್ವ