ಇದಕ್ಕಿಂತ ಮೇಲಿನ ಎಲ್ಲಕ್ಕೂ

ಸಂಡೂರು, ಕೆಂಧೂಳು ಶಕೆಯ ಐವತ್ತೆರಡು, ಫಾಲ್ಗುಣದ ಅಮಾವಾಸ್ಯೆ.
ನಿಮ್ಮ ಎಣಿಕೆಯಲ್ಲಿ ಇಸವಿ ೨೧೮೩.

ತಂತ್ರಾಂಶಕ್ಕೆ ವಿಸ್ತರಣೆಗಳನ್ನು ಬರೆದು, ಪ್ಯಾಕೇಜು ಕಟ್ಟಿ ಹಂಚುತ್ತಿರುವ ನಿಮಗೆ,

ನನ್ನ ಕನ್ನಡ ಅಲ್ಲಲ್ಲಿ ಒರಟಾಗಿ ಕಂಡರೆ ಮನ್ನಿಸಬೇಕು. ನಮ್ಮ ಹಲವು ಪದಗಳು ಭಯದಿಂದ ಹುಟ್ಟಿದವು. ಅಂಥವಕ್ಕೆ ನಯ ಬರಲು ಕಾಲ ಬೇಕು.

ಇಲ್ಲಿ ಹೊರಗೆ ಓಡಾಡುವವರೆಲ್ಲ ಕೊರಳ ಕೆಳಗೆ ಉಸಿರುಗೂಡು ಕಟ್ಟಿಕೊಳ್ಳುತ್ತಾರೆ. ಅದಿರಿನ ಧೂಳನ್ನು ಸೋಸಿ, ಗಾಳಿಯನ್ನು ಎದೆಗೆ ಒತ್ತಿ ಕೊಡುವ ಪೆಟ್ಟಿಗೆ ಅದು. ಅದನ್ನು ನಡೆಸುವ ಮೂಲ ತಂತ್ರಾಂಶವನ್ನು ತಳ ಎನ್ನುತ್ತೇವೆ. ಪ್ರತಿ ಯುಗಾದಿಯ ಬೆಳಿಗ್ಗೆ, ಬೇವುಬೆಲ್ಲ ತಿಂದ ಮೇಲೆ, ಊರಿನ ಎಲ್ಲ ಗೂಡುಗಳ ತಳ ಒಟ್ಟಿಗೆ ಬದಲಾಗುತ್ತದೆ. ಹಳೆಯದರಲ್ಲೇ ಉಳಿಯುತ್ತೇನೆ ಎನ್ನುವಂತಿಲ್ಲ. ಹಳೆಯ ತಳದ ಬಿರುಕಿನಲ್ಲಿ ಕಳ್ಳರು ನುಗ್ಗಿ ಒಂದು ಕೇರಿಯ ಉಸಿರನ್ನೇ ಒತ್ತೆ ಇಟ್ಟುಕೊಂಡದ್ದುಂಟು. ತಳದ ಮೇಲೆ ಕೂರಿಸುವ ವಿಸ್ತರಣೆಗೆ ಹೊರೆ ಎಂದು ಹೆಸರು. ಹಬ್ಬಕ್ಕೆ ಮುಂಚೆ ಪ್ರತಿ ಹೊರೆಯನ್ನೂ ಹೊಸ ತಳದ ಮೇಲಿಟ್ಟು ನೋಡಿ, ‘ನಿಲ್ಲುತ್ತದೆ’ ಅಥವಾ ‘ನಿಲ್ಲದು’ ಎಂದು ಮುದ್ರೆ ಒತ್ತುವುದು ನನ್ನ ಕೆಲಸ.

ನನ್ನ ಅಕ್ಕ ಹುಲಿಗೆಮ್ಮ ಬಸ್ ನಿಲ್ದಾಣದ ಎದುರು ಚಹಾ ಮಾರುತ್ತಾಳೆ. ಧೂಳು ಅವಳ ಒಂದು ಶ್ವಾಸಕೋಶವನ್ನು ಕಲ್ಲು ಮಾಡಿದೆ. ಎಲ್ಲರಿಗೂ ಕೊಡುವ ರಭಸದಲ್ಲಿ ಗೂಡು ಅವಳಿಗೂ ಗಾಳಿ ಒತ್ತಿದರೆ ಇನ್ನೊಂದೂ ಹರಿದುಹೋಗುತ್ತದೆ. ಆ ರಭಸವನ್ನು ತಗ್ಗಿಸುವ ಹೊರೆಯೊಂದಿದೆ. ಅದು ನಿಮ್ಮ ಕಾಲದ್ದು. ಬರೆದವರು ಯಾರೋ ತಿಳಿಯದು.

ತಳ ತನ್ನ ಹೊರೆಗಳಿಗೆಂದು ಕೆಲವು ಬಾಗಿಲುಗಳನ್ನು ತೆರೆದಿಡುತ್ತದೆ, ಇವನ್ನು ಬದಲಿಸುವುದಿಲ್ಲ ಎಂದು ಮಾತು ಕೊಡುತ್ತದೆ. ಅಕ್ಕನ ಹೊರೆ ಆ ಬಾಗಿಲುಗಳಿಂದ ಬರುವುದಿಲ್ಲ. ಹಿತ್ತಲಿಂದ ಒಳಹೊಕ್ಕು, ತಳ ತನಗಾಗಿ ಇಟ್ಟುಕೊಂಡ ಒತ್ತಡದ ಅಂಕಿಯನ್ನು ನೇರವಾಗಿ ಓದುತ್ತದೆ. ಹೊಸ ತಳದಲ್ಲಿ ಆ ಅಂಕಿಯ ಅಳತೆಮಾನ ಬದಲಾಗಿದೆ. ಬದಲಿಸಿದವರ ತಪ್ಪಲ್ಲ, ಹಿತ್ತಲಿನ ಬಗ್ಗೆ ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲ. ಇಂದು ಮಧ್ಯಾಹ್ನ ಮೇಜಿನ ಮೇಲಿನ ರಬ್ಬರಿನ ಎದೆಗೆ ಗೂಡು ಕಟ್ಟಿ ನೋಡಿದೆ. ಹೊರೆ ಕುಸಿಯಲಿಲ್ಲ, ದೂರು ಹೇಳಲಿಲ್ಲ. ಹಗುರ ಗಾಳಿಯನ್ನೇ ರಭಸವೆಂದು ತಿಳಿದು ತಗ್ಗಿಸಿತು, ಇನ್ನೂ ತಗ್ಗಿಸಿತು. ರಬ್ಬರಿನ ಎದೆ ಏಳುವುದನ್ನೇ ನಿಲ್ಲಿಸಿತು. ಎಲ್ಲ ಸರಿಯಿದೆ ಎನ್ನುವ ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ನಾನು ಹೆದರಿದ್ದು ಆ ಹಸಿರಿಗೆ.

ಯಾವ ತಳಕ್ಕೆ ಹೊಂದುತ್ತದೆ ಎಂದು ಹೇಳುವ ಸಾಲಿನಲ್ಲಿ, ಆ ಪ್ಯಾಕೇಜಿನ ಮೇಲೆ, ನಿಮ್ಮಲ್ಲೊಬ್ಬರು ಬರೆದಿದ್ದಾರೆ: ಈ ಆವೃತ್ತಿಗೂ, ಇದಕ್ಕಿಂತ ಮೇಲಿನ ಎಲ್ಲಕ್ಕೂ. ನನ್ನ ಮುದ್ರೆ ತಡೆಯದಿದ್ದರೆ, ಆ ಸಾಲನ್ನು ನಂಬಿ ನಾಳೆ ಗೂಡು ಹೊರೆಯನ್ನು ತಾನೇ ಕೂರಿಸಿಕೊಳ್ಳುತ್ತದೆ. ತಡೆದರೆ ಅಕ್ಕ ಗೂಡಿಲ್ಲದೆ, ಗಾಳಿ ಸೋಸುವ ಗಾಜಿನ ಕೋಣೆಯಲ್ಲಿ ಕೂರಬೇಕು, ಯಾರಾದರೂ ಹೊರೆಯನ್ನು ಹೊಸದಾಗಿ ಬರೆಯುವ ತನಕ. ಬರೆಯಬಲ್ಲವರು ಈಗ ವಿರಳ.

ಅವಳಿಗೆ ಹೇಳಲು ಚಹಾದಂಗಡಿಗೆ ಹೋದೆ. “ಹೆಣ ಕಂಡಂಗ ಯಾಕ ನಿಂತೀಯೋ ಗಾದಿ?” ಎಂದಳು. ಹೇಳಿದೆ. “ಇಷ್ಟ್ ವರ್ಷ ನಡದೈತಿ, ಇನ್ಮ್ಯಾಲೂ ನಡೀತೈತಿ. ಸುಮ್ನ ಮುದ್ರಿ ಒತ್ತು. ಗಾಜಿನ್ಯಾಗ ಕುಂದ್ರಾಕ ನಾನೇನ್ ಬೇಕರಿ ಬನ್ನಾ?”

ನಗು ಬಂತು. ಮರುಕ್ಷಣ ಹೊಳೆಯಿತು: ಅವಳು ಹೇಳಿದ್ದು ನೀವು ಬರೆದ ಆ ಸಾಲನ್ನೇ.

‘ನಿಲ್ಲದು’ ಎಂದು ಒತ್ತಿದೆ. ನಾಳೆ ಹೋಗಬೇಕಾದವಳು ಮುನಿಸಿಗೆ ಇವತ್ತೇ ಕೋಣೆ ಸೇರಿ, ನನಗೆ ಬೆನ್ನು ಹಾಕಿ ಕೂತಿದ್ದಾಳೆ. ಗಾಜಿನ ಆಚೆ ಆ ಬೆನ್ನು ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ಇದನ್ನು ಬರೆಯುತ್ತಿದ್ದೇನೆ. ಈ ಹೊರೆ ನನ್ನ ಕಣ್ಣಿಗೆ ಬಿತ್ತು. ಬೀಳದವು, ಬೇರೆ ಊರುಗಳಲ್ಲಿ, ಯಾರ ಯಾರದೋ ಎದೆಯ ಮೇಲೆ, ನಾಳೆ ಹಸಿರಾಗಿ ಉರಿಯುತ್ತವೆ.

ತೆರೆದ ಬಾಗಿಲಿಂದಲೇ ಬನ್ನಿ. ಹಿತ್ತಲಿಂದ ಹೋಗಲೇಬೇಕಾದರೆ, ಹೋದೆನೆಂದು ಪ್ಯಾಕೇಜಿನ ಮೇಲೆ ಬರೆಯಿರಿ. ಎಲ್ಲಿಯ ತನಕ ಪರೀಕ್ಷಿಸಿದ್ದೀರೋ ಅಲ್ಲಿಯ ತನಕದ ಆವೃತ್ತಿಯನ್ನಷ್ಟೇ ನಮೂದಿಸಿ, ಮುಂದಿನದು ಗೊತ್ತಿಲ್ಲ ಎನ್ನಿ. ನೀವು ಕಾಣದ ಯುಗಾದಿಗಳ ಪರವಾಗಿ ಮಾತು ಕೊಡಬೇಡಿ.

ಆ ಯುಗಾದಿಗಳಲ್ಲಿ ನಾವಿದ್ದೇವೆ.

ಗಾದಿಲಿಂಗ